ಒಂದೇ ಪೊಟ್ಯಾಸಿಯಂ, ಎರಡು ಕಲ್ಲಿದ್ದಲು: ಒಂದು ಓಡಿತು, ಇನ್ನೊಂದು ಅಲುಗಲೇ ಇಲ್ಲ. ಏಕೆ?

ಮೂರನೇ ಬೆಂಚು

ಎಲ್ಲರಿಗೂ ನಮಸ್ಕಾರ. ಕೆಳದರ್ಜೆಯ ಕಲ್ಲಿದ್ದಲಿನ ಅನಿಲೀಕರಣದಲ್ಲಿ ಲೋಹದ ವೇಗವರ್ಧಕಗಳ ಪಾತ್ರ ಎಂಬುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯ. ಅನಿಲೀಕರಣ ಎಂದರೆ ಕಲ್ಲಿದ್ದಲನ್ನು ಹಬೆಯಂಥವುಗಳೊಂದಿಗೆ ಕಾಯಿಸಿ ಉರಿಯುವ ಅನಿಲವಾಗಿಸುವುದು. ನಾಲ್ಕು ತಿಂಗಳಿನಿಂದ ಪ್ರಯೋಗಾಲಯದಲ್ಲಿದ್ದೇನೆ. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಬಳಿ ಎರಡು ಮಾದರಿಗಳಿವೆ. ಒಂದು ಲಿಗ್ನೈಟ್, ಅಂದರೆ ಎಳೆಯ ಕಂದು ಕಲ್ಲಿದ್ದಲು. ಗಣಿಯಿಂದ ಬಂದಾಗ ಅರ್ಧಕ್ಕರ್ಧ ನೀರು, ಒಣಗಿಸಿದ ಮೇಲೆ ನೋಡಿದರೆ ಬೂದಿ ಶೇ. 3 ಮಾತ್ರ. ಇನ್ನೊಂದು ಸಬ್‌ಬಿಟುಮಿನಸ್, ಲಿಗ್ನೈಟ್‌ಗಿಂತ ಒಂದು ಹಂತ ಬಲಿತದ್ದು. ಅದರಲ್ಲಿ ಬೂದಿ ಶೇ. 38. ಎರಡನ್ನೂ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ನೆನೆಸಿದೆ, 100 ಗ್ರಾಂ ಕಲ್ಲಿದ್ದಲಿಗೆ 10 ಗ್ರಾಂ ಲವಣದಂತೆ. ಒಣಗಿಸಿ, ನೈಟ್ರೋಜನ್‌ನಲ್ಲಿ ಕಾಯಿಸಿ ಚಾರ್ (ಆವಿಯಾಗುವುದೆಲ್ಲ ಹೋಗಿ ಉಳಿಯುವ ಇದ್ದಿಲು) ಮಾಡಿ, ಕಾಯಿಸುತ್ತಾ ತೂಕ ಇಳಿಯುವುದನ್ನು ಗ್ರಾಫ್‌ನಲ್ಲಿ ದಾಖಲಿಸುವ ಟಿಜಿಎ ಯಂತ್ರದಲ್ಲಿಟ್ಟು 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಬೆ ಹಾಯಿಸಿದೆ.

ಲಿಗ್ನೈಟ್‌ನ ತೂಕ ಗುಡ್ಡದಿಂದ ಕಲ್ಲು ಉರುಳಿದಂತೆ ಇಳಿಯಿತು. ಎರಡನೆಯದರಲ್ಲಿ ಲವಣ ಹಾಕಿದ ಗೆರೆಯೂ ಹಾಕದ ಗೆರೆಯೂ ಹೆಚ್ಚುಕಡಿಮೆ ಒಂದರ ಮೇಲೊಂದು ಕುಳಿತಿವೆ. ಮೂರು ಸಲ ಮಾಡಿದೆ, ಅದೇ ಕಥೆ. ಲವಣವನ್ನು ಶೇ. 20ಕ್ಕೆ ಏರಿಸಿ ನೋಡು ಎನ್ನುತ್ತಾರೆ ಮಾರ್ಗದರ್ಶಕರು. ಪೊಟ್ಯಾಸಿಯಂ ಬಿಟ್ಟು ನಿಕ್ಕಲ್ ಹಿಡಿ ಎನ್ನುತ್ತಾನೆ ಗೆಳೆಯ. ತಿಳಿದವರು ದಾರಿ ತೋರಿಸಬೇಕು.

ಬೂದಿಮುಚ್ಚಿದ ಕೆಂಡ

ಇಪ್ಪತ್ತಕ್ಕೆ ಏರಿಸುವ ಮುಂಚೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ.

ಕೆಳದರ್ಜೆ ಎಂಬ ಒಂದೇ ಹಣೆಪಟ್ಟಿಯನ್ನು ನಾವು ಸಂಬಂಧವೇ ಇಲ್ಲದ ಎರಡು ಸರಕುಗಳಿಗೆ ಅಂಟಿಸಿದ್ದೇವೆ. ನಿಮ್ಮ ಲಿಗ್ನೈಟ್ ಇನ್ನೂ ಎಳೆಯದು, ಅದರ ಕುಂದು ನೀರು. ಎರಡನೆಯದರ ಕುಂದು ಮಣ್ಣು. ಬೂದಿ ಶೇ. 38 ಇದೆ ಎಂದರೆ ಅದರ ದೊಡ್ಡ ಪಾಲು ಜೇಡಿಮಣ್ಣಿನ ಖನಿಜಗಳೇ ಇರಬೇಕು, ಮುಖ್ಯವಾಗಿ ಕೆಯೊಲಿನೈಟ್. ಕಾಯಿಸಿದಾಗ ಕೆಯೊಲಿನೈಟ್ ತನ್ನೊಳಗಿನ ನೀರನ್ನು ಕಳೆದುಕೊಂಡು ಮಹಾ ಹಸಿವಿನ ಪದಾರ್ಥವಾಗುತ್ತದೆ. ಪಕ್ಕದಲ್ಲಿ ಪೊಟ್ಯಾಸಿಯಂ ಸಿಕ್ಕರೆ ಹಿಡಿದುಕೊಂಡು ಪೊಟ್ಯಾಸಿಯಂ ಅಲ್ಯುಮಿನೋಸಿಲಿಕೇಟ್ ಆಗಿಬಿಡುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ, ಇಂಗಾಲದ ತಂಟೆಗೂ ಹೋಗುವುದಿಲ್ಲ.

ಈಗ ಲೆಕ್ಕ. ಒಂದು ಮೋಲ್ ಕೆಯೊಲಿನೈಟ್ ಒಂದು ಮೋಲ್ ಪೊಟ್ಯಾಸಿಯಂ ಕಾರ್ಬೊನೇಟನ್ನು ನುಂಗುತ್ತದೆ. ಅಂದರೆ 258 ಗ್ರಾಂ ಮಣ್ಣಿಗೆ 138 ಗ್ರಾಂ ಲವಣ. ನಿಮ್ಮ 100 ಗ್ರಾಂ ಕಲ್ಲಿದ್ದಲಿನಲ್ಲಿ 20 ಗ್ರಾಂ ಕೆಯೊಲಿನೈಟ್ ಇದೆ ಎಂದಿಟ್ಟುಕೊಳ್ಳಿ. ಅದಷ್ಟೇ 10.7 ಗ್ರಾಂ ಲವಣವನ್ನು ತಿನ್ನಬಲ್ಲದು. ನೀವು ಕೊಟ್ಟದ್ದು 10 ಗ್ರಾಂ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಊಹೆ ಸರಿಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಹಬೆ ಹಾಯಿಸುವ ಮುಂಚಿನ ಎರಡೂ ಚಾರ್‌ಗಳನ್ನು ಬಿಸಿನೀರಿನಲ್ಲಿ ಕದಡಿ, ಸೋಸಿ, ನೀರಿಗೆ ಬಂದ ಪೊಟ್ಯಾಸಿಯಂ ಅಳೆಯಿರಿ. ಕರಗಿ ಬಂದಷ್ಟೂ ಕೆಲಸಕ್ಕೆ ಸಿಗುವ ಪೊಟ್ಯಾಸಿಯಂ. ಬಾರದೆ ಉಳಿದದ್ದರಲ್ಲಿ ಬಹುಪಾಲನ್ನು ಮಣ್ಣು ತಿಂದಿದೆ ಎಂದು ತಿಳಿಯಿರಿ. ಈ ನಷ್ಟ ಚಾರ್ ಮಾಡುವ ಹಂತದಲ್ಲೇ ಶುರುವಾಗುತ್ತದೆ, ಹಬೆ ಬರುವವರೆಗೆ ಕಾಯುವುದಿಲ್ಲ.

ಹಬೆಗಾಡಿ

ನಾನು ಈ ಕ್ಷೇತ್ರದವನಲ್ಲ, ಕುತೂಹಲಕ್ಕೆ ಓದುತ್ತಿದ್ದೇನೆ. ಮೂಲಭೂತ ಪ್ರಶ್ನೆ ಕೇಳಿದರೆ ಬೇಸರಿಸಬೇಡಿ. ಕಲ್ಲಿದ್ದಲನ್ನು ಕಾಯಿಸಿ ಹಬೆ ಹಾಯಿಸಿದರೆ ಅನಿಲ ತಾನಾಗಿಯೇ ಬರಬೇಕಲ್ಲವೇ? ನಡುವೆ ಈ ಲೋಹ ಮಾಡುವುದಾದರೂ ಏನು?

ಅಣುಗಂಟು

@ಹಬೆಗಾಡಿ, ಬರುತ್ತದೆ, ಆದರೆ ಬಹಳ ಬಿಸಿ ಕೇಳುತ್ತದೆ. ಇಂಗಾಲ ಮತ್ತು ಹಬೆ ಸೇರಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಆಗುವುದು ಅಂತರುಷ್ಣಕ ಕ್ರಿಯೆ. ಪ್ರತಿ ಮೋಲ್ ಇಂಗಾಲಕ್ಕೆ ಸುಮಾರು 131 ಕಿಲೋಜೂಲ್ ಶಾಖ ಹೊರಗಿನಿಂದ ಕೊಡಬೇಕು. ಹಬೆಯ ಬದಲು ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಸುಮಾರು 172. ಶಾಖ ಕೊಟ್ಟರೂ 700 ಡಿಗ್ರಿಯ ಆಸುಪಾಸಿನಲ್ಲಿ ಬರಿಯ ಇಂಗಾಲದ ವೇಗ ಆಮೆಯದು.

ಲೋಹವನ್ನು ದೋಣಿಯವನಂತೆ ಕಲ್ಪಿಸಿಕೊಳ್ಳಿ. ಹಬೆಯಿಂದ ಆಮ್ಲಜನಕದ ಪರಮಾಣುವನ್ನು ಹತ್ತಿಸಿಕೊಂಡು ಇಂಗಾಲದ ದಡಕ್ಕೆ ಇಳಿಸುತ್ತಾನೆ. ಹೈಡ್ರೋಜನ್ ಆಚೆ ಉಳಿಯುತ್ತದೆ, ಆಮ್ಲಜನಕ ಪಡೆದ ಇಂಗಾಲ ಮೊನಾಕ್ಸೈಡ್ ಆಗಿ ಹಾರುತ್ತದೆ, ದೋಣಿ ಖಾಲಿಯಾಗಿ ಮರಳುತ್ತದೆ. ಕ್ಷಾರ ಲೋಹಗಳ ಕಾರ್ಬೊನೇಟ್‌ಗಳಿಗೆ ಈ ಗುಣವಿದೆ ಎಂಬುದು ಹೊಸ ಸುದ್ದಿಯಲ್ಲ. ಟೇಲರ್ ಮತ್ತು ನೆವಿಲ್ 1921ರಲ್ಲೇ ಹಬೆ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡರಲ್ಲೂ ಇದನ್ನು ಅಳೆದು ಪ್ರಕಟಿಸಿದ್ದರು. ದೋಣಿ ನಿಜವಾಗಿ ಯಾವ ರೂಪದಲ್ಲಿದೆ ಎಂಬ ಜಗಳ ಮಾತ್ರ ಆಮೇಲೂ ನಡೆಯಿತು. ಪೊಟ್ಯಾಸಿಯಂ ಲೋಹದ ರೂಪಕ್ಕಿಳಿದು ಮತ್ತೆ ಆಕ್ಸೈಡ್ ಆಗುತ್ತದೆ ಎನ್ನುವವರು ಒಂದು ಕಡೆ. ಇಂಗಾಲದ ಅಂಚಿನಲ್ಲಿ ಆಮ್ಲಜನಕದ ಮೂಲಕ ಅಂಟಿಕೊಂಡ ಪೊಟ್ಯಾಸಿಯಂ ಗುಂಪುಗಳೇ ಕೆಲಸದ ಜಾಗ ಎನ್ನುವವರು ಇನ್ನೊಂದು ಕಡೆ. ನನ್ನ ಒಲವು ಎರಡನೆಯವರ ಕಡೆಗೆ. ಪೊಟ್ಯಾಸಿಯಂ ಕಾರ್ಬೊನೇಟ್ ಕರಗುವುದು 891 ಡಿಗ್ರಿಯಲ್ಲಿ. ಆದರೆ ಇಂಗಾಲದ ಮೇಲೆ ಅದು 700ರಲ್ಲೇ ಹರಡಿಕೊಂಡಿರುತ್ತದೆ. ಹರಳಾಗಿಯೇ ಉಳಿದಿದ್ದರೆ ಇದು ಸಾಧ್ಯವಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸುತ್ತೇನೆ. ವೇಗವರ್ಧಕ ಎಂದ ಕೂಡಲೇ ಸಕ್ರಿಯಣ ಶಕ್ತಿ (ಕ್ರಿಯೆ ಶುರುವಾಗಲು ದಾಟಬೇಕಾದ ಶಕ್ತಿಯ ದಿಬ್ಬ) ಇಳಿಯಲೇಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಚಾರ್ ಮತ್ತು ಪೊಟ್ಯಾಸಿಯಂ ವಿಷಯದಲ್ಲಿ ಅನೇಕ ಅಳತೆಗಳಲ್ಲಿ ಅದು ಅಷ್ಟೇನೂ ಇಳಿದಿಲ್ಲ. ಇಂಗಾಲದ ಮೇಲೆ ಕ್ರಿಯೆ ನಡೆಯುವ ಜಾಗಗಳ ಸಂಖ್ಯೆ ಹೆಚ್ಚಿ ವೇಗ ಏರಿದೆ. ಆದ್ದರಿಂದ @ಮೂರನೇ ಬೆಂಚು, ಸಕ್ರಿಯಣ ಶಕ್ತಿ ಇಳಿಯಲಿಲ್ಲ ಎಂದು ಗಾಬರಿಯಾಗಿ ದತ್ತಾಂಶವನ್ನು ಬಗ್ಗಿಸಲು ಹೋಗಬೇಡಿ.

ಸುಣ್ಣದ ಗೂಡು

ಎಲ್ಲರೂ ಪೊಟ್ಯಾಸಿಯಂ ಜಪ ಮಾಡುತ್ತಿದ್ದೀರಿ. ಲಿಗ್ನೈಟ್ ವಿಷಯದಲ್ಲಿ ಕ್ಯಾಲ್ಸಿಯಂ ಹೆಸರೇ ಬಾರದಿರುವುದು ಅನ್ಯಾಯ.

ಎಳೆಯ ಕಲ್ಲಿದ್ದಲಿನಲ್ಲಿ ಕಾರ್ಬಾಕ್ಸಿಲ್ ಎಂಬ ಆಮ್ಲೀಯ ಗುಂಪುಗಳು ಹೇರಳ. ಅವುಗಳ ಹೈಡ್ರೋಜನ್ ಜಾಗಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಬಂದು ಕೂರಬಲ್ಲವು. ನಿಸರ್ಗವೇ ಅಂತರ್ಜಲದ ಮೂಲಕ ಇದನ್ನು ಅಷ್ಟಿಷ್ಟು ಮಾಡಿಟ್ಟಿರುತ್ತದೆ. ಲಿಗ್ನೈಟ್ ಚಾರ್ ಚುರುಕಾಗಿರುವುದಕ್ಕೆ ಇದೇ ದೊಡ್ಡ ಕಾರಣ. ನಂಬದಿದ್ದರೆ ಲಿಗ್ನೈಟನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ನೋಡಿ. ಕ್ಯಾಲ್ಸಿಯಂ ಹೊರಟುಹೋಗುತ್ತದೆ, ಚುರುಕುತನವೂ ಅದರ ಜೊತೆಗೇ ಹೋಗುತ್ತದೆ. ಕ್ಯಾಲ್ಸಿಯಂ ದ್ರಾವಣದಲ್ಲಿ ನೆನೆಸಿ, ಅಯಾನು ವಿನಿಮಯದಿಂದ ಮತ್ತೆ ತುಂಬಿ, ಚುರುಕುತನ ಮರಳಿ ಬರುತ್ತದೆ. ವೇಗವರ್ಧಕವನ್ನು ಹೊರಗಿನಿಂದ ತರುವ ಮುಂಚೆ ಮನೆಯಲ್ಲೇ ಎಷ್ಟಿದೆ ಎಂದು ನೋಡುವುದು ಲೇಸು.

ಸುಣ್ಣ ಅಗ್ಗ. ಕೆಲಸ ಮುಗಿದ ಮೇಲೆ ಮರಳಿ ಪಡೆಯುವ ಗೋಜಿಲ್ಲ, ಬೂದಿಯೊಂದಿಗೆ ಹೋಗಲಿ. ಗಂಧಕವನ್ನೂ ಸ್ವಲ್ಪ ಹಿಡಿದುಕೊಳ್ಳುತ್ತದೆ.

ಅಣುಗಂಟು

@ಸುಣ್ಣದ ಗೂಡು ಅವರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಕ್ಯಾಲ್ಸಿಯಂ ಕುಳಿತಲ್ಲೇ ಕೂರುವ ಜಾತಿ. ಆರಂಭದಲ್ಲಿ ಪರಮಾಣು ಪರಮಾಣುವಾಗಿ ಹರಡಿರುವುದರಿಂದ ಜೋರಾಗಿ ಕೆಲಸ ಮಾಡುತ್ತದೆ. ಸುತ್ತಲಿನ ಇಂಗಾಲ ಸವೆದಂತೆ ಒಂದಕ್ಕೊಂದು ಅಂಟಿ ಸುಣ್ಣದ ಹರಳುಗಳಾಗುತ್ತವೆ, ಇಂಗಾಲದ ಸಂಪರ್ಕ ತಪ್ಪುತ್ತದೆ. ಪೊಟ್ಯಾಸಿಯಂ ಹಾಗಲ್ಲ, ಇಂಗಾಲ ಹಿಂದೆ ಸರಿದಂತೆಲ್ಲ ತಾನೂ ಹಿಂಬಾಲಿಸುತ್ತದೆ. ಗ್ರಾಫ್‌ನ ಕೊನೆಯ ಭಾಗದಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತದೆ. ಹಾಗೆಯೇ, ಕಾರ್ಬಾಕ್ಸಿಲ್ ಗುಂಪುಗಳು ಕಡಿಮೆ ಇರುವ ಬಲಿತ ಕಲ್ಲಿದ್ದಲಿಗೆ ಸುಣ್ಣದ ಪುಡಿಯನ್ನು ಬರಿದೇ ಬೆರೆಸಿದರೆ ಫಲ ಅಷ್ಟಕ್ಕಷ್ಟೇ.

ಸುಣ್ಣದ ಗೂಡು

ಕೊನೆಯ ಭಾಗದ ಮಾತು ಸರಿ. ಆದರೆ ಅರ್ಧ ದಾರಿಯನ್ನು ಬಿಟ್ಟಿಯಾಗಿ ಓಡಿಸುವ ಎತ್ತನ್ನು ಯಾರೂ ಬೈಯುವುದಿಲ್ಲ!

ಕುಲುಮೆಕಾವಲು

ಸ್ಥಾವರದಲ್ಲಿ ಕೆಲಸ ಮಾಡಿದವನಾಗಿ ತಣ್ಣೀರು ಎರಚಲೇಬೇಕು. ಇಷ್ಟೆಲ್ಲ ಪ್ರಬಂಧಗಳು ಬಂದರೂ ದೊಡ್ಡ ಅನಿಲೀಕರಣ ಸ್ಥಾವರಗಳಲ್ಲಿ ಕಲ್ಲಿದ್ದಲಿಗೆ ಲೋಹ ಬೆರೆಸುವ ಪದ್ಧತಿ ಏಕೆ ನೆಲೆಯೂರಲಿಲ್ಲ ಎಂದು ಯಾರಾದರೂ ಯೋಚಿಸಿದ್ದೀರಾ?

ಪುಡಿಯನ್ನು ಆಮ್ಲಜನಕದೊಂದಿಗೆ ಚಿಮ್ಮಿಸುವ ಕುಲುಮೆಗಳು 1,300 ಡಿಗ್ರಿಗಿಂತ ಮೇಲೆ ನಡೆಯುತ್ತವೆ. ಅಲ್ಲಿ ರಸಾಯನ ಕ್ರಿಯೆಗೆ ಯಾರ ಸಹಾಯವೂ ಬೇಡ. ಅನಿಲ ಕಣದವರೆಗೆ ಎಷ್ಟು ಬೇಗ ತಲುಪುತ್ತದೆ ಎಂಬುದೇ ವೇಗದ ಮಿತಿ. ಪೊಟ್ಯಾಸಿಯಂ ಹಾಕಿದರೆ ಆವಿಯಾಗಿ ಹಾರಿ, ಮುಂದಿನ ತಂಪು ಕೊಳವೆಗಳಲ್ಲಿ ಕೂತು ಕೊರೆಯುತ್ತದೆ. ಮರಳಿನ ಪದರವನ್ನು ಕೆಳಗಿನಿಂದ ಅನಿಲ ಊದಿ ತೇಲಿಸುವ ಪದರ ಕುಲುಮೆಗಳಲ್ಲಿ ಬೇರೆ ಗೋಳು. ಕ್ಷಾರ ಮತ್ತು ಸಿಲಿಕಾ ಸೇರಿದರೆ ಎರಡರ ಕರಗುವ ಬಿಂದುವಿಗಿಂತಲೂ ಬಹಳ ಕೆಳಗೆ ಕರಗುವ ಅಂಟು ಹುಟ್ಟುತ್ತದೆ. ತೇಲಬೇಕಾದ ಮರಳು ಉಂಡೆಗಟ್ಟುತ್ತದೆ. ಹಾಗೆ ಗಟ್ಟಿಯಾದ ಪದರವನ್ನು ಸುತ್ತಿಗೆ ಹಿಡಿದು ಒಡೆದವರಲ್ಲಿ ನಾನೂ ಒಬ್ಬ. ಮೂರು ದಿನ ಹಿಡಿಯಿತು, ಕೈ ಬೊಬ್ಬೆ ಮಾಯಲು ಇನ್ನೂ ಹೆಚ್ಚು ದಿನ.

ಅಮೆರಿಕದ ಉತ್ತರ ಡಕೋಟಾದ ಬ್ಯೂಲಾ ಬಳಿ 1984ರಿಂದ ಲಿಗ್ನೈಟ್‌ನಿಂದ ಕೃತಕ ನೈಸರ್ಗಿಕ ಅನಿಲ ಮಾಡುವ ಸ್ಥಾವರ ಇದೆ. ಅಲ್ಲಿರುವುದು ಲುರ್ಗಿ ಎಂಬ ಮಾದರಿಯ ಕುಲುಮೆಗಳು. ಕಲ್ಲಿದ್ದಲಿಗೆ ವೇಗವರ್ಧಕ ಹಾಕುವುದಿಲ್ಲ. ಅನಿಲ ತೊಳೆದು ಶುದ್ಧವಾದ ಮೇಲೆ ಮೀಥೇನ್ ಮಾಡುವ ಹಂತದಲ್ಲಿ ನಿಕ್ಕಲ್ ಬಳಸುತ್ತಾರೆ. ವೇಗವರ್ಧಕವನ್ನು ಕೊಳೆಯಿಂದ ದೂರ ಇಡುವುದು ಬುದ್ಧಿವಂತಿಕೆ.

ಬೂದಿಮುಚ್ಚಿದ ಕೆಂಡ

@ಕುಲುಮೆಕಾವಲು ಸರ್, 1,300 ಡಿಗ್ರಿಯ ಮಾತು ನೂರಕ್ಕೆ ನೂರು ಸರಿ. ಆದರೆ ಪೊಟ್ಯಾಸಿಯಂ ಹಾಕುವವರ ಉದ್ದೇಶವೇ ಆ ಕುಲುಮೆಯನ್ನು ಬಿಟ್ಟು ಕೆಳಗೆ ಇಳಿಯುವುದು. ಇದಕ್ಕೆ ಒಳ್ಳೆಯ ಉದಾಹರಣೆ ಎಕ್ಸಾನ್ ಕಂಪನಿ 1970ರ ದಶಕದಲ್ಲಿ ಕೈಗೊಂಡ ಕೆಲಸ. ಟೆಕ್ಸಾಸ್‌ನ ಬೇಟೌನ್‌ನಲ್ಲಿ ದಿನಕ್ಕೆ ಒಂದು ಟನ್ ಕಲ್ಲಿದ್ದಲಿನ ಪ್ರಾಯೋಗಿಕ ಘಟಕ ನಡೆಸಿದರು. ಸುಮಾರು 700 ಡಿಗ್ರಿ, ಸುಮಾರು 35 ವಾಯುಭಾರದ ಒತ್ತಡ, ಪೊಟ್ಯಾಸಿಯಂ ವೇಗವರ್ಧಕ.

ಅದರ ಸೊಗಸು ಶಾಖದ ಲೆಕ್ಕದಲ್ಲಿದೆ. ವೇಗವರ್ಧಕ ಸಮತೋಲನವನ್ನು ಒಂದಿಷ್ಟೂ ಬದಲಿಸಲಾರದು, ಆದರೆ ಸಮತೋಲನ ನಮಗೆ ಅನುಕೂಲವಾಗಿರುವ ತಾಪದಲ್ಲಿ ಕ್ರಿಯೆ ನಡೆಯುವಂತೆ ಮಾಡಬಲ್ಲದು. 700ರಲ್ಲಿ, ಒತ್ತಡದಲ್ಲಿ, ಮೀಥೇನ್ ಹುಟ್ಟಲು ಒಪ್ಪುತ್ತದೆ. ಹೊರಬಂದ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಎರಡನ್ನೂ ಬೇರ್ಪಡಿಸಿ ಕುಲುಮೆಗೇ ಹಿಂದಿರುಗಿಸಿದರೆ, ಕೊನೆಗೆ ಉಳಿಯುವ ಲೆಕ್ಕ ಇಂಗಾಲ ಮತ್ತು ಹಬೆ ಸೇರಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್. ಪ್ರತಿ ಮೋಲ್ ಮೀಥೇನ್‌ಗೆ ಬೇಕಾದ ಶಾಖ ಸುಮಾರು 15 ಕಿಲೋಜೂಲ್ ಮಾತ್ರ. ಮೇಲೆ ಹೇಳಿದ 131ರ ಪಕ್ಕದಲ್ಲಿ ಇಟ್ಟು ನೋಡಿ! ಆಮ್ಲಜನಕ ಸ್ಥಾವರವೇ ಬೇಡ.

ಹಾಗಾದರೆ ಏಕೆ ವಾಣಿಜ್ಯ ಘಟಕವಾಗಲಿಲ್ಲ? 1980ರ ದಶಕದಲ್ಲಿ ತೈಲದ ಬೆಲೆ ಕುಸಿದದ್ದು ಒಂದು. ಇನ್ನೊಂದು, ಈ ಚರ್ಚೆ ಶುರುವಾದ ಜಾಗವೇ. ಬೂದಿಯಿಂದ ಪೊಟ್ಯಾಸಿಯಂ ಮರಳಿ ಪಡೆಯಬೇಕು. ನೀರಿನಲ್ಲಿ ತೊಳೆದರೆ ಒಂದು ಪಾಲು ಬರುತ್ತದೆ. ಮಣ್ಣಿಗೆ ಕಟ್ಟಿಕೊಂಡದ್ದನ್ನು ಬಿಡಿಸಲು ಸುಣ್ಣದ ನೀರಿನಲ್ಲಿ ಬೇಯಿಸಬೇಕು. ಉಳಿದದ್ದು ನಷ್ಟ, ಅಷ್ಟು ಹೊಸದಾಗಿ ಕೊಳ್ಳಬೇಕು. ಬೂದಿ ಹೆಚ್ಚಿದಷ್ಟೂ ಈ ಖರ್ಚು ಏರುತ್ತದೆ.

ಆದ್ದರಿಂದ, ಯಾವ ಲೋಹ ಹೆಚ್ಚು ಚುರುಕು ಎಂಬ ಪಟ್ಟಿಗಳನ್ನು ನಾನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಶುದ್ಧ ಇಂಗಾಲದ ಮೇಲೆ ಮಾಡಿದ ಪಟ್ಟಿ ಮಣ್ಣು ತುಂಬಿದ ಕಲ್ಲಿದ್ದಲಿಗೆ ಹೊಂದುವುದಿಲ್ಲ. ಲೋಹ ಒಳಗೆ ಹೋದ ಮೇಲೆ ಮೊದಲು ಯಾರ ಕೈಗೆ ಸಿಗುತ್ತದೆ ಎಂಬುದನ್ನು ಕೇಳಿ.

ಮೂರನೇ ಬೆಂಚು

ಎಲ್ಲರಿಗೂ ಧನ್ಯವಾದಗಳು. ನೀರಿನಲ್ಲಿ ತೊಳೆಯುವ ಪರೀಕ್ಷೆಯನ್ನು ಈ ವಾರವೇ ಮಾಡುತ್ತೇನೆ. ಗೆಳೆಯನ ನಿಕ್ಕಲ್ ಸಲಹೆಗೆ ಯಾರೂ ಉತ್ತರಿಸಲಿಲ್ಲ. ಕಬ್ಬಿಣದ ಬಗ್ಗೆಯೂ ಹೇಳಿ. ಅದು ಅಗ್ಗವಲ್ಲವೇ?

ಅಣುಗಂಟು

ನಿಕ್ಕಲ್ ಶಕ್ತಿಶಾಲಿ ಎಂಬುದರಲ್ಲಿ ಅನುಮಾನವಿಲ್ಲ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ತೊಮಿತಾ, ಓತ್ಸುಕಾ ಮತ್ತು ಸಂಗಡಿಗರು ಕಂದು ಕಲ್ಲಿದ್ದಲಿಗೆ ನಿಕ್ಕಲ್ ಸೇರಿಸಿ 500ರಿಂದ 600 ಡಿಗ್ರಿಯಲ್ಲೇ ಹಬೆಯಿಂದ ಅನಿಲೀಕರಿಸಿ ತೋರಿಸಿದರು. ಟಾರ್ (ಕಲ್ಲಿದ್ದಲಿನಿಂದ ಏಳುವ ಡಾಂಬರಿನಂಥ ಆವಿ) ಒಡೆಯುವುದರಲ್ಲೂ ಅದಕ್ಕೆ ಒಳ್ಳೆಯ ಕೈಗುಣ. ಆದರೆ ಗಂಧಕ ಅದರ ಹಗೆ. ಕಲ್ಲಿದ್ದಲಿನಿಂದ ಹೈಡ್ರೋಜನ್ ಸಲ್ಫೈಡ್ ಹೊರಟಿತೆಂದರೆ ನಿಕ್ಕಲ್ ಮೇಲ್ಮೈ ಮುಚ್ಚಿಹೋಗುತ್ತದೆ. ಜೊತೆಗೆ ಬೂದಿಯಲ್ಲಿ ಕಳೆದುಕೊಳ್ಳುವಷ್ಟು ಅಗ್ಗದ ಲೋಹವೂ ಅಲ್ಲ.

ಕಬ್ಬಿಣ ಲೋಹದ ರೂಪದಲ್ಲಿದ್ದಾಗ ಚೆನ್ನಾಗಿ ದುಡಿಯುತ್ತದೆ. ಹಬೆ ಹೆಚ್ಚಾದರೆ ಮ್ಯಾಗ್ನಟೈಟ್ ಎಂಬ ಆಕ್ಸೈಡ್ ಆಗಿ ಮಲಗುತ್ತದೆ. ಹೈಡ್ರೋಜನ್ ಜೊತೆಗಿದ್ದರೆ ಎಚ್ಚರವಾಗಿರುತ್ತದೆ. ಕ್ಲೋರೈಡ್ ದ್ರಾವಣದಿಂದ ಹಾಕುವುದಾದರೆ ಕ್ಲೋರಿನ್ ಉಳಿಯದಂತೆ ತೊಳೆಯಿರಿ. ಪೊಟ್ಯಾಸಿಯಂಗೂ ಇದೇ ಮಾತು. ಪೊಟ್ಯಾಸಿಯಂ ಕ್ಲೋರೈಡ್ ಅಗ್ಗವೆಂದು ತಂದವರು ನಿರಾಶರಾಗುತ್ತಾರೆ, ಕ್ಲೋರೈಡ್ ತನ್ನ ಲೋಹವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕುಲುಮೆಕಾವಲು

ನಿಕ್ಕಲ್ ಮುಟ್ಟುವವರು ಇದನ್ನು ಓದಿ ಮುಂದೆ ಹೋಗಿ. ಕುಲುಮೆಯನ್ನು ಕಾರ್ಬನ್ ಮೊನಾಕ್ಸೈಡ್ ತುಂಬಿರುವಾಗಲೇ ಆರಲು ಬಿಡಬೇಡಿ. 200 ಡಿಗ್ರಿಗಿಂತ ಕೆಳಗೆ ಇಳಿದಾಗ ನಿಕ್ಕಲ್ ಮತ್ತು ಮೊನಾಕ್ಸೈಡ್ ಸೇರಿ ನಿಕ್ಕಲ್ ಕಾರ್ಬೊನಿಲ್ ಆಗಬಹುದು. ಅದು 43 ಡಿಗ್ರಿಯಲ್ಲಿ ಕುದಿಯುವ ಘೋರ ವಿಷ. ಬಿಸಿ ಇರುವಾಗಲೇ ನೈಟ್ರೋಜನ್ ಹಾಯಿಸಿ ಎಲ್ಲವನ್ನೂ ಹೊರಗೆ ತಳ್ಳಿ. ಇನ್ನೊಂದು: ಲೋಹದ ನೈಟ್ರೇಟ್‌ನಲ್ಲಿ ನೆನೆಸಿದ ಕಲ್ಲಿದ್ದಲನ್ನು ಬಿಸಿ ಗಾಳಿಯಲ್ಲಿ ಒಣಗಿಸಬೇಡಿ. ನೈಟ್ರೇಟ್ ಉತ್ಕರ್ಷಕ, ಕಲ್ಲಿದ್ದಲು ಇಂಧನ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಬೆಗಾಡಿ

ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದಲ್ಲ, ಅದನ್ನೇ ಬೆರೆಸಿದರೆ?

ಸುಣ್ಣದ ಗೂಡು

ಬೆರೆಸಬಹುದು. ಜೈವಿಕ ತ್ಯಾಜ್ಯವನ್ನೂ ಕಲ್ಲಿದ್ದಲನ್ನೂ ಒಟ್ಟಿಗೆ ಅನಿಲೀಕರಿಸುವವರ ಆಸೆಯೂ ಅದೇ. ಆದರೆ ಎಲ್ಲ ಬೂದಿಯೂ ಒಂದಲ್ಲ. ಮರದ ಬೂದಿಯಲ್ಲಿ ಕ್ಯಾಲ್ಸಿಯಂ ಹೆಚ್ಚು, ಪೊಟ್ಯಾಸಿಯಂ ತಕ್ಕಮಟ್ಟಿಗೆ, ಅದು ನಮ್ಮ ಸ್ನೇಹಿತ. ಹುಲ್ಲಿನ ಬೂದಿಯಲ್ಲಿ ಸಿಲಿಕಾ ತುಂಬಿದೆ, ಪೊಟ್ಯಾಸಿಯಂ ಅದರೊಂದಿಗೇ ಸಿಲಿಕೇಟ್ ಆಗಿ ಕರಗಿ ಕುಲುಮೆಕಾವಲು ಸರ್ ಅವರ ಕೈಗೆ ಮತ್ತೆ ಸುತ್ತಿಗೆ ಕೊಡುತ್ತದೆ.

ಮೂರನೇ ಬೆಂಚು

ಮೂರು ವಾರ ಕಳೆದು ಬಂದಿದ್ದೇನೆ, ಕ್ಷಮಿಸಿ.

ತೊಳೆಯುವ ಪರೀಕ್ಷೆ ಮಾಡಿದೆ. ಲಿಗ್ನೈಟ್ ಚಾರ್‌ನಿಂದ ಹಾಕಿದ ಪೊಟ್ಯಾಸಿಯಂನ ಬಹುಪಾಲು ನೀರಿಗೆ ಬಂತು. ಬೂದಿ ಹೆಚ್ಚಿರುವ ಚಾರ್‌ನಿಂದ ಬಂದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹರಳುಗಳ ಗುರುತು ಹಿಡಿಯುವ ಎಕ್ಸ್‌ರೇ ವಿವರ್ತನೆಯಲ್ಲಿ ಪೊಟ್ಯಾಸಿಯಂ ಅಲ್ಯುಮಿನೋಸಿಲಿಕೇಟ್‌ನ ಗೆರೆಗಳು ಸ್ಪಷ್ಟವಾಗಿವೆ. ಕೆಂಡ ಸರ್, ನಿಮ್ಮ ಕಾಗದದ ಲೆಕ್ಕವನ್ನು ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಪ್ಪತ್ತರ ಮಾತನ್ನು ಕೈಬಿಟ್ಟರು.

ಆದರೆ ಲಿಗ್ನೈಟ್‌ನಲ್ಲಿ ಹೊಸ ತಲೆನೋವು. ಅದೇ ಮಾದರಿಯನ್ನು ಎರಡನೇ ಸಲ, ಮೂರನೇ ಸಲ ಕಾಯಿಸಿದಾಗ ವೇಗ ಪ್ರತಿ ಸಲವೂ ಒಂದೊಂದು ರೀತಿ. ನಾನು ಬಳಸುವುದು ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಬಟ್ಟಲು.

ಅಣುಗಂಟು

ಬೇಲಿಯೇ ಎದ್ದು ಹೊಲ ಮೇಯುತ್ತಿದೆ! ಮಣ್ಣಿನಲ್ಲಿರುವ ಅಲ್ಯುಮಿನಾ ಪೊಟ್ಯಾಸಿಯಂ ಹಿಡಿಯುವುದಾದರೆ ಬಟ್ಟಲಿನ ಅಲ್ಯುಮಿನಾ ಏಕೆ ಬಿಟ್ಟೀತು? ಸಂಶೋಧನೆಯ ಮೊದಲ ವರ್ಷ ನಾನೂ ಇದೇ ಗುಂಡಿಗೆ ಬಿದ್ದು, ಇಡೀ ಒಂದು ಅಧ್ಯಾಯದ ದತ್ತಾಂಶವನ್ನು ಎಸೆದಿದ್ದೇನೆ. ಪ್ಲಾಟಿನಂ ಬಟ್ಟಲು ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಪ್ರತಿ ಸಲ ಹೊಸ ಬಟ್ಟಲು, ಒಂದೇ ಕಾಯಿಸುವ ವೇಗ.

ಇನ್ನೆರಡು ಎಚ್ಚರಿಕೆ. ಒಂದು, ಇಳಿದ ತೂಕವೆಲ್ಲ ಇಂಗಾಲವಲ್ಲ. ಕಾರ್ಬೊನೇಟ್ ತಾನೂ ಇಂಗಾಲದೊಂದಿಗೆ ವರ್ತಿಸಿ ಮೊನಾಕ್ಸೈಡ್ ಬಿಡುತ್ತದೆ, ಪೊಟ್ಯಾಸಿಯಂ ಲೋಹ ಆವಿಯಾಗಿಯೂ ಹೋಗುತ್ತದೆ. ಅದು ಕುದಿಯುವುದು 759 ಡಿಗ್ರಿಯಲ್ಲಿ, ನಿಮ್ಮ 750ರ ಪಕ್ಕದಲ್ಲೇ. ಹೊರಬರುವ ಅನಿಲವನ್ನೂ ಅಳೆದು ತಾಳೆ ನೋಡಿ. ಎರಡು, ನೀವು ಚಾರ್ ಮಾಡಿಟ್ಟುಕೊಂಡು ಆಮೇಲೆ ಅನಿಲೀಕರಿಸುತ್ತಿದ್ದೀರಿ. ನಿಜವಾದ ಕುಲುಮೆಯಲ್ಲಿ ಹಸಿ ಕಲ್ಲಿದ್ದಲಿನಿಂದ ಏಳುವ ಆವಿ ಬಿಸಿ ಚಾರ್ ಮೇಲೆ ಹಾಯುತ್ತದೆ, ಚಾರ್ ಮೇಲಿನ ಕ್ಷಾರ ಲೋಹವನ್ನು ಎಬ್ಬಿಸಿ ಕಳಿಸುತ್ತದೆ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದಲ್ಲಿ ವಿಕ್ಟೋರಿಯಾದ ಕಂದು ಕಲ್ಲಿದ್ದಲಿನ ಮೇಲೆ ನಡೆದ ಕೆಲಸದಿಂದ ಇದು ಚೆನ್ನಾಗಿ ತಿಳಿದುಬಂದಿದೆ. ಅದರಲ್ಲೂ ಸೋಡಿಯಂ ಬೇಗ ಹಾರುತ್ತದೆ, ಎರಡು ಕೈಯಲ್ಲಿ ಹಿಡಿದುಕೊಂಡ ಕ್ಯಾಲ್ಸಿಯಂ ನಿಧಾನ. ಟಿಜಿಎ ಸಂಖ್ಯೆಯನ್ನು ಕುಲುಮೆಯ ಸಂಖ್ಯೆ ಎಂದು ಬರೆಯಬೇಡಿ.

ಮೂರನೇ ಬೆಂಚು

ಬಟ್ಟಲಿನ ವಿಷಯ ಹೊಳೆದೇ ಇರಲಿಲ್ಲ. ಪ್ಲಾಟಿನಂ ಬಟ್ಟಲು ಪಕ್ಕದ ವಿಭಾಗದಲ್ಲಿದೆ, ಬೇಡಿಕೊಂಡು ತರುತ್ತೇನೆ.

ಬೂದಿ ಹೆಚ್ಚಿರುವ ಮಾದರಿಯನ್ನು ಕೈಬಿಡಲು ಮನಸ್ಸಿಲ್ಲ. ಅದಕ್ಕೆ ಸುಣ್ಣದ ನೀರು ಮತ್ತು ಪೊಟ್ಯಾಸಿಯಂ ಎರಡನ್ನೂ ಹಾಕಿ ನೋಡಿದೆ. ವೇಗ ಏರಿತು, ಲಿಗ್ನೈಟ್ ಮಟ್ಟಕ್ಕೆ ಅಲ್ಲ. ಆದರೆ ಗೆರೆಗಳು ಮೊದಲ ಬಾರಿ ಬೇರೆಯಾದವು. ಮಣ್ಣಿನ ಬಾಯಿಗೆ ಕ್ಯಾಲ್ಸಿಯಂ ಬಿದ್ದು ಪೊಟ್ಯಾಸಿಯಂ ಉಳಿಯಿತು ಎಂದು ಬರೆಯಬಹುದೇ?

ಬೂದಿಮುಚ್ಚಿದ ಕೆಂಡ

ಇನ್ನೂ ಬರೆಯಬೇಡಿ. ಎರಡನ್ನೂ ಒಟ್ಟಿಗೆ ಹಾಕಿದಿರಾ, ಒಂದರ ಮೇಲೊಂದಾ? ಮೊದಲು ಸುಣ್ಣದಲ್ಲಿ ನೆನೆಸಿ ಬಿಸಿ ಮಾಡಿ, ಅದು ಮಣ್ಣನ್ನು ತಲುಪಲು ಸಮಯ ಕೊಟ್ಟು, ಆಮೇಲೆ ಪೊಟ್ಯಾಸಿಯಂ ಹಾಕಿ. ಒಟ್ಟಿಗೆ ಹಾಕಿದರೆ ಚಲನೆ ಹೆಚ್ಚಿರುವ ಪೊಟ್ಯಾಸಿಯಂ ಮೊದಲೇ ಮಣ್ಣಿನ ಬಾಯಿಗೆ ಓಡುತ್ತದೆ. ಜೊತೆಗೆ ಈ ಮಾದರಿಗೂ ತೊಳೆಯುವ ಪರೀಕ್ಷೆ ಮಾಡಿ, ನೀರಿಗೆ ಬರುವ ಪೊಟ್ಯಾಸಿಯಂ ಹೆಚ್ಚಿದೆಯೇ ನೋಡಿ.

ಸುಣ್ಣದ ಗೂಡು

ಪೊಟ್ಯಾಸಿಯಂ ಇಲ್ಲದೆ ಸುಣ್ಣ ಮಾತ್ರ ಹಾಕಿದ ಮಾದರಿಯನ್ನು ಮರೆತಿದ್ದೀರಿ. ಏರಿದ ವೇಗ ಪೊಟ್ಯಾಸಿಯಂದೋ, ನನ್ನ ಕ್ಯಾಲ್ಸಿಯಂದೋ? ಅದು ತಿಳಿಯದೆ ಕೀರ್ತಿಯನ್ನು ಅವನಿಗೆ ಕೊಡುವುದು ಹೇಗೆ?

ಮೂರನೇ ಬೆಂಚು

ಒಟ್ಟಿಗೇ ಹಾಕಿದ್ದೆ, ಕೆಂಡ ಸರ್. ಸುಣ್ಣ ಮೊದಲು ಹಾಕಿದ ಮಾದರಿಯನ್ನು ಇಂದು ನೆನೆಯಲು ಇಟ್ಟಿದ್ದೇನೆ. ಸುಣ್ಣ ಮಾತ್ರ ಇರುವುದು ಈಗ ಯಂತ್ರದೊಳಗಿದೆ, ಪ್ಲಾಟಿನಂ ಬಟ್ಟಲಿನಲ್ಲಿ. 600 ಡಿಗ್ರಿ ದಾಟಿದೆ, ಹಬೆ ಬಿಡಲು ಇನ್ನು ಹತ್ತು ನಿಮಿಷ.